ನೇರಳೆಯ ಹುಳಿ, ಗೋಧಿಯ ಹುಳಿ

ಹುಳಿ ಬಿಯರನ್ನು ಮೊದಲ ಸಲ ಬಾಯಿಗಿಟ್ಟವರು ‘ಇದು ಕೆಟ್ಟುಹೋಗಿದೆ’ ಎಂದು ಲೋಟ ಪಕ್ಕಕ್ಕೆ ಸರಿಸುವುದುಂಟು. ದಯವಿಟ್ಟು ಇನ್ನೊಂದು ಗುಟುಕು ಕುಡಿಯಿರಿ. ಮೊದಲ ಗುಟುಕಿಗೆ ನಾಲಿಗೆ ಬರೀ ಹುಳಿಗೆ ಬೆಚ್ಚುತ್ತದೆ. ರುಚಿ ತಿಳಿಯುವುದು ಎರಡನೆಯದರಿಂದ. ವಿನೆಗರ್ ಘಾಟೋ ಹಳಸಿದ ಬೆಣ್ಣೆಯ ವಾಸನೆಯೋ ಬಂದರೆ ಮಾತ್ರ ನಿಜಕ್ಕೂ ಕೆಟ್ಟಿದೆ, ವಾಪಸ್ ಕೊಡಿ.

ಈ ಬಗೆಯ ಬಿಯರಿನಲ್ಲಿ ಹೆಸರಾದದ್ದು ಜರ್ಮನಿಯ ಬರ್ಲಿನರ್ ವೈಸ್. ಗೋಧಿ, ಬಾರ್ಲಿ ಮಾಲ್ಟುಗಳಿಂದ ತೆಗೆದ ಸಿಹಿ ರಸಕ್ಕೆ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾ ಸೇರಿಸಿ, 40 ಡಿಗ್ರಿ ಆಸುಪಾಸಿನಲ್ಲಿ ಒಂದೆರಡು ದಿನ ಬಿಡುವುದು ಈಗ ರೂಢಿಯಲ್ಲಿರುವ ಸುಲಭ ವಿಧಾನ. ಹುಳಿ ಹದಕ್ಕೆ ಬಂದ ಮೇಲೆ ಕುದಿಸಿ, ತಣಿಸಿ, ಯೀಸ್ಟ್ ಹಾಕುತ್ತಾರೆ. ಕಹಿಗೆಂದು ಹಾಕುವ ಹಾಪ್ಸ್ ಹೆಸರಿಗಷ್ಟೇ. ಮದ್ಯಸಾರ ಶೇ. 3ರ ಸುತ್ತಮುತ್ತ. ಬರ್ಲಿನ್ನಿನವರು ಅದಕ್ಕೆ ರಾಸ್‌ಬೆರಿ ಸಿರಪ್ ಬೆರೆಸುತ್ತಾರೆ. ನಮ್ಮ ಕಡೆ ಆ ಜಾಗಕ್ಕೆ ನೇರಳೆಹಣ್ಣಿನಷ್ಟು ಒಪ್ಪುವುದು ಮತ್ತೊಂದಿಲ್ಲ, ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಬೆಂಗಳೂರಿನ ಗೊರಗುಂಟೆಪಾಳ್ಯದವರು ನಾಲಿಗೆಯನ್ನು ಮನೆ ಹತ್ತಿರವೇ ಪಳಗಿಸಬಹುದು. ಮುಂಗಾರು ಶುರುವಾಗಿ ತಳ್ಳುಗಾಡಿಗಳಲ್ಲಿ ನೇರಳೆ ಕಂಡಾಗ, ಉಪ್ಪು ಖಾರ ಹಚ್ಚಿಸಿಕೊಳ್ಳದೆ ಒಂದು ಹಣ್ಣು ತಿನ್ನಿ. ಮೊದಲು ಸಿಹಿ, ಹಿಂದೆಯೇ ಹುಳಿ, ಕೊನೆಗೆ ಒಸಡು ಬಿಗಿಯುವ ಒಗರು. ಮರುದಿನ ಬೆಳಿಗ್ಗೆ, ರಾತ್ರಿಯಿಡೀ ಹುಳಿ ಬಂದ ರಾಗಿ ಅಂಬಲಿಯನ್ನು ಮಜ್ಜಿಗೆ ಬೆರೆಸದೆ ಕುಡಿದು ನೋಡಿ. ಈ ಹುಳಿಯೇ ಬೇರೆ. ಮೆತ್ತಗೆ ಬಂದು ನಾಲಿಗೆಯ ಎರಡೂ ಬದಿಗೆ ಹಬ್ಬುತ್ತದೆ. ಬಿಯರಿನ ಗೋಧಿ ಭಾಗದ ಹುಳಿಯೂ ಇದೇ, ಎರಡಕ್ಕೂ ಲ್ಯಾಕ್ಟಿಕ್ ಆಮ್ಲವೇ ಕಾರಣ. ಹಣ್ಣಿನ ಹುಳಿ, ಹುದುಗಿನ ಹುಳಿ ಎರಡನ್ನೂ ಬಾಯಲ್ಲೇ ಬೇರೆ ಮಾಡಲು ಬಂದರೆ ಅರ್ಧ ವಿದ್ಯೆ ಬಂದಂತೆ.

ಇನ್ನು ನೇರಳೆ ಹಾಕಿದ ಹುಳಿ ಬಿಯರು ಕೈಗೆ ಬಂದಾಗ ಲೋಟವನ್ನು ಬೆಳಕಿಗೆ ಹಿಡಿಯಿರಿ. ನೇರಳೆಯ ಕಡುಬಣ್ಣ ಹುಳಿಯಲ್ಲಿ ಕೆಂಗುಲಾಬಿಗೆ ತಿರುಗಿರುತ್ತದೆ. ನೊರೆ ಬೇಗ ಇಳಿದರೆ ಬೇಸರ ಬೇಡ, ಹುಳಿ ಅದನ್ನು ನಿಲ್ಲಗೊಡುವುದಿಲ್ಲ. ಸಿಹಿಯನ್ನಂತೂ ಹುಡುಕಲೇಬೇಡಿ: ಹುದುಗುವಾಗ ಹಾಕಿದ ಹಣ್ಣಿನ ಸಕ್ಕರೆಯನ್ನು ಯೀಸ್ಟ್ ತಿಂದು ಮುಗಿಸಿರುತ್ತದೆ, ಉಳಿಯುವುದು ಪರಿಮಳ, ಹುಳಿ, ಒಗರು. ಸಿಹಿಯೇ ಮುಂದೆ ಬಂದರೆ ಕೊನೆಯಲ್ಲಿ ಸಿರಪ್ ಸುರಿದಿರಬಹುದು. ಕಹಿ ತಗುಲಿದರೆ ಬೀಜ ಜಜ್ಜಿಹೋಗಿರಬಹುದು.

ಮನೆಯಲ್ಲೇ ಮಾಡುವ ಆಸೆ ಹುಟ್ಟುವುದು ಸಹಜ. ಆದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಹಣ್ಣಿನ ಕಾಲದಲ್ಲಿ ನಗರದ ಯಾವುದಾದರೂ ಮೈಕ್ರೋಬ್ರೂವರಿಗೆ ಹೋಗಿ ವಿಚಾರಿಸಿ. ಹಣ್ಣು ಹಾಕಿದ್ದು, ಹಾಕದ್ದು ಎರಡೂ ಇದ್ದರೆ ಸಣ್ಣ ಲೋಟಗಳಲ್ಲಿ ತರಿಸಿಕೊಂಡು, ಹಾಕದ್ದನ್ನು ಮೊದಲು ಕುಡಿಯಿರಿ. ಗಾಡಿ ಮನೆಯಲ್ಲೇ ಇರಲಿ. ಹೋಗಿಬರಲು ಹಸಿರು ಮಾರ್ಗದ ಮೆಟ್ರೋ ಇದೆ.