‘ನಡುಕ’ ಶಬ್ದದ ಅರ್ಥವೂ ವ್ಯುತ್ಪತ್ತಿಯೂ

ಕನ್ನಡದ ‘ನಡುಕ’ವೆಂಬ ಶಬ್ದವು ಸಂಸ್ಕೃತದ ನೃತ್ತಾರ್ಥಕವಾದ ‘ನಟ್’ ಧಾತುವಿನಿಂದ ಬಂದ ತದ್ಭವವೆಂದು ಹೇಳುವವರುಂಟು. ಸೊಂಟವೆಂಬರ್ಥದ ‘ನಡು’ ಶಬ್ದವೇ ಇದಕ್ಕೆ ಮೂಲ, ಭೀತನಾದವನ ನಡುವು ಮೊದಲು ಕುಸಿಯುವುದರಿಂದ ಈ ಹೆಸರು ಬಂದಿತೆಂಬುದು ಮತ್ತೊಂದು ಪಕ್ಷ. ಈ ಎರಡನೆಯದನ್ನು ಕುರಿತು ಹೆಚ್ಚಾಗಿ ಹೇಳಬೇಕಾದುದಿಲ್ಲ. ಕೈ ನಡುಗುತ್ತದೆ, ದನಿ ನಡುಗುತ್ತದೆ, ನೆಲವೂ ನಡುಗುತ್ತದೆ, ದನಿಗೆ ನಡುವೆಲ್ಲಿಯದು?

ಮೊದಲನೆಯ ಪಕ್ಷವಾದರೋ ವಿಚಾರಾರ್ಹವಾದುದು. ದೇಶ್ಯಶಬ್ದವೊಂದನ್ನು ತದ್ಭವಗಳಲ್ಲಿ ಸೇರಿಸಿದರೆ ಕನ್ನಡವು ತನ್ನ ಸ್ವಂತ ಧಾತುವೊಂದನ್ನು ಕಳೆದುಕೊಂಡಂತಾಗುವುದಷ್ಟೆ. ಇದೇ ಧಾತುವು ತಮಿಳಿನಲ್ಲಿ ‘ನಡುಂಗು’ ಎಂದೂ, ಮಲೆಯಾಳದಲ್ಲಿ ‘ನಡುಙ್ಙು’ ಎಂದೂ ಇದೆ. ತಮಿಳಿನ ಇಂತಹ ಅನುನಾಸಿಕವು ಕನ್ನಡದಲ್ಲಿ ಕಾಣದಿರುವುದು ಅಪೂರ್ವವಲ್ಲ: ಅಡಂಗು-ಅಡಗು, ಮುೞಂಗು-ಮೊೞಗು, ಇಱಂಗು-ಎಱಗು. ನಡುಗು ಎಂಬುದೂ ಈ ಸಾಲಿನದೇ. ನಾಮರೂಪಗಳಲ್ಲಿಯೂ ಹೊಂದಿಕೆಯುಂಟು. ತಮಿಳಿನಲ್ಲಿ ಅಡಕ್ಕಂ, ನಡುಕ್ಕಂ. ಕನ್ನಡದಲ್ಲಿ ಅಡಕ, ನಡುಕ. ‘ನಟ್’ ಧಾತುವಿನಿಂದ ಹೊರಟವರು ಆ ಅನುನಾಸಿಕವನ್ನು ಎಲ್ಲಿಂದ ತರುವರೋ! ಬರೋ ಮತ್ತು ಎಮೆನೋ ಅವರು 1961ರಲ್ಲಿ ಪ್ರಕಟಿಸಿದ ದ್ರಾವಿಡ ವ್ಯುತ್ಪತ್ತಿಕೋಶದಲ್ಲಿಯೂ ಈ ರೂಪಗಳು ಒಟ್ಟಿಗೇ ಇವೆ.

ಅರ್ಥವೂ ಆ ಪಕ್ಷಕ್ಕೆ ಅನುಕೂಲವಾಗಿಲ್ಲ. ನರ್ತನವು ಇಚ್ಛಾಪೂರ್ವಕವಾದುದು, ನಡುಕವು ಚಳಿಯಿಂದಲೋ, ಜ್ವರದಿಂದಲೋ, ಭಯದಿಂದಲೋ ತಾನಾಗಿ ಬರತಕ್ಕದ್ದು. ನಡುಗುವವನು ನಡುಕದ ಕರ್ತನಲ್ಲ, ಅದಕ್ಕೆ ಆಶ್ರಯಮಾತ್ರ. ಸಂಸ್ಕೃತದಲ್ಲಿ ಇದಕ್ಕೆ ಸರಿಯಾದ ಶಬ್ದವನ್ನು ಹುಡುಕುವವರು ‘ವೇಪಥು’ವನ್ನು ನೋಡಬೇಕು. ಧಾತುಪಾಠದಲ್ಲಿ ‘ಟು’ ಎಂಬ ಇತ್ತುಳ್ಳ ಧಾತುಗಳಿಗೆ ಪಾಣಿನಿಯು ಮೂರನೆಯ ಅಧ್ಯಾಯದಲ್ಲಿ ‘ಅಥುಚ್’ ಪ್ರತ್ಯಯವನ್ನು ವಿಧಿಸಿರುವನು. ಹಾಗೆ ಸಿದ್ಧಿಸಿದ ಶಬ್ದಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಸ್ವಾರಸ್ಯವು ತೋರುತ್ತದೆ: ವೇಪಥು ನಡುಕ, ವಮಥು ವಾಂತಿ, ಕ್ಷವಥು ಸೀನು, ಶ್ವಯಥು ಬಾವು, ದವಥು ಉರಿ. ಇವೆಲ್ಲವೂ ಮನುಷ್ಯನು ಮಾಡುವ ಕ್ರಿಯೆಗಳಲ್ಲ, ಅವನ ದೇಹಕ್ಕೆ ಒದಗುವ ವಿಕಾರಗಳು. ಸ್ಫೂರ್ಜಥು ಎಂದರೆ ಸಿಡಿಲ ಮೊಳಗು. ಅದು ದೇಹದ್ದಲ್ಲವಾದುದರಿಂದ ಇದನ್ನು ನಿಯಮವೆನ್ನಲಾಗದು. ಆದರೂ ಸಾಲು ಗಮನಾರ್ಹವಾಗಿಯೇ ಇದೆ.

ಭರತನು ಎಂಟು ಸಾತ್ತ್ವಿಕಭಾವಗಳಲ್ಲಿ ವೇಪಥುವನ್ನು ಎಣಿಸಿ, ಅವು ಅನ್ಯಮನಸ್ಕನಾದ ನಟನಿಗೆ ಅಸಾಧ್ಯವೆಂದಿರುವುದೂ ಈ ಅರ್ಥಕ್ಕೇ ಪೋಷಕ. ‘ಕಂಪ’ವಾದರೋ ಗಾಳಿಗೆ ಅಲುಗುವ ಎಲೆಗೂ ಬಾವುಟಕ್ಕೂ ಸಲ್ಲುವ ಸಾಮಾನ್ಯಶಬ್ದ. ಆದಕಾರಣ ಕನ್ನಡ ಟೀಕೆಗಳಲ್ಲಿ ‘ವೇಪಥು’ವಿಗೆ ‘ಕಂಪನ’ವೆಂದು ಅರ್ಥ ಬರೆಯುವುದಕ್ಕಿಂತ ‘ನಡುಕ’ವೆಂದು ಬರೆಯುವುದೇ ಯುಕ್ತ.