ಹೊಡೆದುಹಾಕಿದ ಸಾಲು

ನಾನು ಗುಬ್ಬಿಯವನು. ಹೈಸ್ಕೂಲು ಓದಿದ್ದು ತುಮಕೂರಿನಲ್ಲಿ, ದಿನಾ ಬಸ್ಸಿನಲ್ಲಿ ಓಡಾಡಿಕೊಂಡು. ಒಂಬತ್ತನೇ ತರಗತಿಯಲ್ಲಿ ನಮ್ಮ ಕನ್ನಡ ಮೇಷ್ಟ್ರು, ಕುಣಿಗಲ್ ಕೆರೆಯನ್ನು ಕುರಿತ ಪ್ರಸಿದ್ಧ ಜನಪದ ಗೀತೆಯ ಮೇಲೆ ಎರಡು ಪುಟದ ವಿಮರ್ಶೆ ಬರೆದು ತರಲು ಹೇಳಿದರು. ಮೊದಲು ರಫ್ ತೋರಿಸಬೇಕು, ಆಮೇಲೆ ಫೇರ್ ಎಂಬ ಷರತ್ತು ಬೇರೆ. ನಮಗದು ದಂಡದ ಕೆಲಸವಾಗಿ ಕಂಡಿತು. ‘ಪ್ರಕೃತಿಯ ಸೊಬಗು ಮನೋಜ್ಞವಾಗಿ ಮೂಡಿಬಂದಿದೆ’ ಎಂಬಂಥ ಸಾಲುಗಳು ಗೈಡಿನಲ್ಲೇ ಇರುವಾಗ ರಫ್ ಯಾಕೆ?

ನಾನೂ ಅಲ್ಲಿಂದಲೇ ಶುರು ಮಾಡಿದೆ. ಅಲಂಕಾರದ ಮಾತು ಬಂದಾಗ ಪೆನ್ನು ನಿಂತಿತು. ತುಂಬಿದ ಕೆರೆಯನ್ನು ಹಾಡು ನಿಂಬೆಹಣ್ಣಿಗೆ ಹೋಲಿಸುತ್ತದೆ. ಕುಣಿಗಲ್ ನನ್ನ ಸೋದರಮಾವನ ಊರು. ಆ ಕೆರೆ ಏರಿಯ ಮೇಲೆ ಎಷ್ಟೋ ಸಲ ನಡೆದವನು ನಾನು. ನೀರು ಹಳದಿಯಲ್ಲ, ಕೆರೆ ಅಂಗೈಯಲ್ಲಿ ಹಿಡಿಯುವಂಥದ್ದೂ ಅಲ್ಲ. ‘ಈ ಉಪಮೆ ಸರಿಯಿಲ್ಲ’ ಎಂದು ಬರೆದೆ. ಹೆದರಿಕೆಯಾಯಿತು. ಹೊಡೆದುಹಾಕಿ, ‘ಉಪಮಾಲಂಕಾರ ಸೊಗಸಾಗಿದೆ’ ಎಂದು ತಿದ್ದಿದೆ.

ಮೇಷ್ಟ್ರು ರಫ್ ಓದಿದರು. ಹೊಡೆದ ಸಾಲಿನ ಮೇಲೆ ಬೆರಳಿಟ್ಟು, “ಇದೊಂದೇ ಕಣೋ ನೀನು ಬರೆದಿರೋದು. ಮಿಕ್ಕಿದ್ದೆಲ್ಲ ಗೈಡಿಂದು. ಯಾಕೆ ಸರಿಯಿಲ್ಲ, ಅದನ್ನ ಬರಿ” ಎಂದರು.

ಅಂದು ರಾತ್ರಿ ಅಮ್ಮ ಚಿತ್ರಾನ್ನಕ್ಕೆ ನಿಂಬೆಹಣ್ಣು ಆರಿಸುತ್ತಿದ್ದಳು. ಸುಕ್ಕಿದ್ದನ್ನು ಪಕ್ಕಕ್ಕಿಟ್ಟು, ಸಿಪ್ಪೆ ಬಿಗಿದು ಹೊಳೆಯುತ್ತಿದ್ದುದನ್ನು ಒತ್ತಿ ನೋಡಿ, “ಇದರಲ್ಲಿ ರಸ ಇದೆ” ಎಂದಳು. ನನಗೆ ಥಟ್ಟನೆ ಹೊಳೆಯಿತು. ಕೆರೆ ಉಪಮೇಯ, ನಿಂಬೆ ಉಪಮಾನ. ಸಮಾನಧರ್ಮ ಬಣ್ಣವಲ್ಲ, ಗಾತ್ರವಲ್ಲ, ತುಂಬಿರುವುದು. ಇನ್ನೊಂದು ಹನಿ ಹಿಡಿಸದಷ್ಟು ಬಿಗಿದಿರುವುದು. ಮಳೆಗಾಗಿ ಮುಗಿಲು ನೋಡುವ ನಮ್ಮ ಸೀಮೆಯವರು ಮಾತ್ರ ಹೇಳಬಹುದಾದ ಹೋಲಿಕೆ ಅದು. ಆ ಅಂದ ನೋಡಲು ಶಿವನೂ ಬರುತ್ತಾನೆ ಎನ್ನುತ್ತದೆ ಹಾಡು. ಬಂದವನು ವರ ಕೊಡುವುದಿಲ್ಲ. ಎಲ್ಲರ ಜೊತೆ ನಿಂತು ನೋಡುತ್ತಾನೆ, ಅಷ್ಟೆ. ಗೈಡಿನವರು ಕೆರೆಯನ್ನು ಕಂಡಿದ್ದರು, ಕೆರೆ ನೋಡುವವರನ್ನು ಕಂಡಿರಲಿಲ್ಲ.

ಉಪಮೆ ಸರಿಯಾಗಿಯೇ ಇತ್ತು, ತಪ್ಪು ನನ್ನದು. ಆದರೆ ಆ ತಪ್ಪನ್ನು ಮೊದಲು ಬರೆಯದಿದ್ದರೆ ಸರಿ ನನಗೆ ಸಿಗುತ್ತಿರಲಿಲ್ಲ. ರಫ್ ಎಂದರೆ ಕೆಟ್ಟ ಅಕ್ಷರದ ಫೇರ್ ಅಲ್ಲ. ಓದುಗ ಕೃತಿಯೊಡನೆ ಜಗಳವಾಡುವ ಜಾಗ. ಮುಂದೆ ಕಾಲೇಜಿನಲ್ಲಿ, ನಮ್ಮ ಜಿಲ್ಲೆಯವರೇ ಆದ ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ (1953) ಓದುತ್ತ ‘ಸಹೃದಯ’ ಎಂಬ ಮಾತಿಗೆ ಬಂದಾಗ, ನನಗೆ ನೆನಪಾದದ್ದು ಆ ಏರಿಯ ಮೇಲೆ ನಿಂತ ಜನ.

ವಾರ್ಷಿಕ ಪರೀಕ್ಷೆಯಲ್ಲಿ ಇದನ್ನೇ ಬರೆದೆ. ಗೈಡು ಬಾಯಿಪಾಠ ಮಾಡಿದ ಗೆಳೆಯನಿಗೆ ನನಗಿಂತ ಹೆಚ್ಚು ಅಂಕ ಬಂತು. ಆ ಬೇಸರ ಬಹಳ ದಿನ ಇತ್ತು, ಸುಳ್ಳೇಕೆ ಹೇಳಲಿ.

ಈಗಿನ ಮಕ್ಕಳಿಗೆ ಮೊಬೈಲಿನಲ್ಲೇ ಸಿದ್ಧ ಪ್ರಬಂಧ ಸಿಗುತ್ತದೆ, ಒಂದು ಚಿತ್ತುಕಾಟೂ ಇಲ್ಲದೆ. ಮೊಮ್ಮಗಳು ಬರೆದದ್ದನ್ನು ತಂದು ತೋರಿಸಿದರೆ ನಾನು ಕೇಳುವುದು ಒಂದೇ: “ರಫ್ ಎಲ್ಲಿ ಮಗಳೇ?”