ಹೆಬ್ಬೆರಳಿಗೆ ಸಿಗದ ಲೆಕ್ಕ

2010ರ ಸುಮಾರಿಗೆ ಕರ್ನಾಟಕದ ಐದು ಜಿಲ್ಲೆಗಳಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. 322 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಆರಿಸಿ, 140ಕ್ಕೆ ಹೆಬ್ಬೆರಳು ಒತ್ತುವ ಹಾಜರಾತಿ ಯಂತ್ರ ಕೊಟ್ಟರು. ಉಳಿದವನ್ನು ಹೋಲಿಕೆಗೆ ಇಟ್ಟುಕೊಂಡರು. ಯಾರು ಯಾವಾಗ ಬಂದರು, ಯಾವಾಗ ಹೋದರು ಎಂಬುದು ಬೆಂಗಳೂರಿಗೆ ತಲುಪುತ್ತಿತ್ತು. ಇಕ್ಬಾಲ್ ಧಾಲಿವಾಲ್ ಮತ್ತು ರೆಮಾ ಹನ್ನಾ ಇದರ ಅಧ್ಯಯನವನ್ನು ಪ್ರಕಟಿಸಿದ್ದಾರೆ.

ಫಲ ಸಣ್ಣದಲ್ಲ. ಸಿಬ್ಬಂದಿಯ ಹಾಜರಿ ಶೇಕಡಾ 15ರಷ್ಟು ಏರಿತು. ಕಡಿಮೆ ತೂಕದ ಕೂಸುಗಳ ಪ್ರಮಾಣ ಕಾಲುಭಾಗದಷ್ಟು ಇಳಿಯಿತು. ನರ್ಸ್ ಹೊತ್ತಿಗೆ ಸರಿಯಾಗಿ ಕುರ್ಚಿಯಲ್ಲಿದ್ದರೆ ಹುಟ್ಟುವ ಕೂಸಿನ ತೂಕವೂ ಸುಧಾರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ.

ಆದರೆ ಹಾಜರಿ ಏರಿದ್ದು ನರ್ಸ್, ಫಾರ್ಮಾಸಿಸ್ಟ್, ಲ್ಯಾಬ್ ತಂತ್ರಜ್ಞರದ್ದು. ವೈದ್ಯರದ್ದು ಕದಲಲಿಲ್ಲ. ಬಾರದವರ ರಜೆ, ಸಂಬಳಕ್ಕೆ ಕೈಹಾಕಲು ಮೇಲಿನವರು ಹಿಂಜರಿದರು. ಮೊದಲೇ ವೈದ್ಯರಿಲ್ಲ, ಬಿಗಿ ಮಾಡಿದರೆ ಇದ್ದವರೂ ಹೋದಾರು ಎಂಬ ಅಳುಕು. ಸಂಶೋಧಕರು ಇದನ್ನು ಮುಚ್ಚಿಡದೆ ಬರೆದರು. ಈ ಅಧ್ಯಯನದ ದೊಡ್ಡ ಗುಣ ಅದೇ. ಯಂತ್ರ ಸೋತದ್ದು ಖಾಲಿ ಹುದ್ದೆಯ ಮುಂದೆ. ಬರಬೇಕಾದವರು ನೇಮಕವೇ ಆಗದಿದ್ದಲ್ಲಿ ಯಾವ ಹೆಬ್ಬೆರಳನ್ನು ಒತ್ತಿಸುವುದು?

ಈ ಪ್ರಶ್ನೆಯನ್ನು ರಾಯಚೂರು ಜಿಲ್ಲೆಯ ವಳಕಮದಿನ್ನಿಯಂಥ ಊರಿನಲ್ಲಿ ನಿಂತು ಕೇಳಬೇಕು. ರಾಯಚೂರು ಸೀಮೆಯ ಕೊರತೆಗಳು ಕಾಗದಕ್ಕೆ ಹೊಸವಲ್ಲ. 2001ರಲ್ಲಿ ಡಾ. ಎಚ್. ಸುದರ್ಶನ್ ಕಾರ್ಯಪಡೆ ಆರೋಗ್ಯ ಸೇವೆಯಲ್ಲಿನ ಪ್ರಾದೇಶಿಕ ಅಂತರವನ್ನು ಎತ್ತಿ ತೋರಿಸಿತು. ಮರುವರ್ಷ ಡಿ.ಎಂ. ನಂಜುಂಡಪ್ಪ ಸಮಿತಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಪಟ್ಟಿ ಮಾಡಿತು. 2018ರಲ್ಲಿ ರಾಯಚೂರು ಮಹತ್ವಾಕಾಂಕ್ಷೆಯ ಜಿಲ್ಲೆಗಳ ಸಾಲಿಗೆ ಸೇರಿತು. ಅಳೆದದ್ದು ಸಾಕಷ್ಟಾಗಿದೆ, ಅಳತೆಗೆ ತಕ್ಕ ಕೈಗಳು ಬಂದಿಲ್ಲ.

ಇರುವ ಕೈಗಳ ಮೇಲೆ ಲೆಕ್ಕದ ಭಾರವೂ ಬಿದ್ದಿದೆ. ಸಾವಿರ ಜನಕ್ಕೊಬ್ಬ ಆಶಾ ಕಾರ್ಯಕರ್ತೆ. ಬಸುರಿಯ ಮನೆಗೆ ಹೋಗಿ ತಾಯಿ ಕಾರ್ಡ್ ನೋಡಬೇಕು, ವಹಿಯಲ್ಲಿ ಬರೆಯಬೇಕು, ಅದೇ ವಿವರ ತಾಯಿ-ಮಕ್ಕಳ ಆರೋಗ್ಯದ ಆರ್‌ಸಿಎಚ್ ಪೋರ್ಟಲ್‌ಗೂ ಏರಬೇಕು. ಸುಗ್ಗಿ ಮುಗಿದ ಮೇಲೆ ಆ ಮನೆ ಬೀಗ ಹಾಕಿಕೊಂಡು ಗುಳೆ ಹೋದರೆ ಹೆಸರು ವಹಿಯಲ್ಲಿ ಉಳಿಯುತ್ತದೆ, ಬಸುರಿ ಬೆಂಗಳೂರಿನ ಶೆಡ್ಡಿನಲ್ಲಿರುತ್ತಾಳೆ. ಪ್ರೋತ್ಸಾಹಧನವನ್ನು ಈ ಪೋರ್ಟಲ್‌ಗೆ ಜೋಡಿಸಬೇಡಿ ಎಂದು ರಾಜ್ಯದ ಆಶಾಗಳು ಬೀದಿಗಿಳಿದದ್ದು ಇದಕ್ಕೇ: ನಡೆದ ಕಾಲಿಗೆ ಕೂಲಿಯಿಲ್ಲ, ಏರಿದ ಅಂಕಿಗೆ ಮಾತ್ರ ಕೂಲಿ ಎಂದಾದರೆ ಹೇಗೆ?

ಬೇರೆ ದಾರಿಯಿದೆ. ಕೆಲಸದ ಹೊರೆಯಿಂದ ಸಿಬ್ಬಂದಿಯ ಲೆಕ್ಕ ಹಾಕುವ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲೇ ಮುಂದಿಟ್ಟಿತು. ಅದರ ಬಗೆ ಸರಳ. ಒಂದು ಹೆರಿಗೆಗೆ ಆರು ತಾಸು ಎನ್ನೋಣ. ತಿಂಗಳಿಗೆ 30 ಹೆರಿಗೆಯೆಂದರೆ 180 ತಾಸು. ಒಬ್ಬ ನರ್ಸಿನ ಇಡೀ ತಿಂಗಳ ದುಡಿಮೆ ಅಲ್ಲಿಗೇ ತೀರಿತು. ಲಸಿಕೆ, ಬಾಣಂತಿಯ ಆರೈಕೆ, ಬರವಣಿಗೆ ಯಾರು ಮಾಡಬೇಕು? ಮೂವತ್ತು ಸಾವಿರ ಜನಕ್ಕೊಂದು ಕೇಂದ್ರ ಎಂಬ ತಲೆಲೆಕ್ಕದಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ.

ಹಾಜರಾತಿ ಯಂತ್ರ ಬೇಡ ಎಂದು ನಾನು ಹೇಳುತ್ತಿಲ್ಲ. ಕೂಸುಗಳ ತೂಕ ಅದರ ಪರವಾಗಿದೆ. ಆದರೆ ಕೆಳಗಿನವರ ಹೆಬ್ಬೆರಳು ಮೇಲಕ್ಕೆ ಹೋಗುವಂತೆ ಮೇಲಿನವರ ಲೆಕ್ಕ ಕೆಳಕ್ಕೂ ಬರಬೇಕು. ರಾಯಚೂರಿನ ರಿಮ್ಸ್ ವೈದ್ಯಕೀಯ ಕಾಲೇಜು 2007ರಲ್ಲಿ ಶುರುವಾಯಿತು. ಅಲ್ಲಿ ಓದಿದವರಲ್ಲಿ ಎಷ್ಟು ಮಂದಿ ಈ ಜಿಲ್ಲೆಯ ಹಳ್ಳಿಗಳಲ್ಲಿ ನಿಂತರು ಎಂಬುದು ವರ್ಷ ವರ್ಷ ಜನರ ಮುಂದೆ ಬರಲಿ. ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು, ಖಾಲಿಯಿರುವುದು ಯಾವಾಗಿನಿಂದ ಎಂದು ಪ್ರತಿ ಆರೋಗ್ಯ ಕೇಂದ್ರದ ಗೋಡೆಗೆ ಬರೆಯಲಿ, ಗ್ರಾಮಸಭೆಯಲ್ಲಿ ಓದಲಿ. ಆಗ ನರ್ಸಿನ ಹಾಜರಿ ಕೇಳುವ ಊರು, ಸರ್ಕಾರದ ಹಾಜರಿಯನ್ನೂ ಕೇಳೀತು.